ಗರ್ಭಿಣಿಯರು ವೈದ್ಯ ಸಂಶೋಧನೆಯಲ್ಲಿ ಸೇರುವದನ್ನು ಕುರಿತ ಪಾಠ



ಬ್ರಹ್ಮಾವರದ ಸುತ್ತಲಿನ ಒಂದು ಹಳ್ಳಿಯಲ್ಲಿ ಒಬ್ಬ ಗರ್ಭಿಣಿ ಸಹೋದರಿ ಇದ್ದಾಳೆಂದು ಇಟ್ಟುಕೊಳ್ಳೋಣ. ಆಕೆಯು ಐದನೆಯ ತಿಂಗಳಿನಲ್ಲಿ ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿಯ ಒಬ್ಬಾಕೆಯು ಬಳಿಗೆ ಬಂದು, “ಅಮ್ಮಾ, ಗರ್ಭಿಣಿಯರ ರಕ್ತಹೀನತೆಯನ್ನು ಕುರಿತು ನಾವು ಒಂದು ಸಂಶೋಧನೆ ನಡಿಸುತ್ತಿದ್ದೇವೆ. ನೀವೂ ಸೇರುತ್ತೀರೋ?” ಎಂದು ಕೇಳಿ ನಾಲ್ಕೈದು ಹಾಳೆಗಳನ್ನು ಕೈಯಲ್ಲಿ ಕೊಡುತ್ತಾಳೆ. ಮನೆಗೆ ಬಂದ ಮೇಲೆ ಅತ್ತೆಯು, “ನಮ್ಮ ಕೂಸಿನ ಮೇಲೆ ಪ್ರಯೋಗ ಮಾಡುವರೋ? ಬೇಡವೇ ಬೇಡ” ಅನ್ನುತ್ತಾಳೆ. ಗಂಡನು, “ದೊಡ್ಡ ಡಾಕ್ಟರರು ಕೇಳಿದ್ದನ್ನು ಬೇಡವೆಂದರೆ ಹೆರಿಗೆಯ ಹೊತ್ತಿಗೆ ಸರಿಯಾಗಿ ನೋಡಲಿಕ್ಕಿಲ್ಲ, ರುಜು ಹಾಕಿಬಿಡು” ಅನ್ನುತ್ತಾನೆ. ಇಬ್ಬರೂ ಭಯದಿಂದಲೇ ಮಾತಾಡಿದರು. ಆದರೆ ಹೊಟ್ಟೆಯಲ್ಲಿ ಕೂಸನ್ನು ಹೊತ್ತವಳಿಗೆ, “ನಿನ್ನ ಮನಸ್ಸೇನು?” ಎಂದು ಯಾರೂ ಕೇಳಲಿಲ್ಲ.

ಇಂಥ ಪ್ರಶ್ನೆಯು ನಮ್ಮ ಮನೆಗಳಿಗೆ ದೂರವಾದದ್ದಲ್ಲ. ಉಡುಪಿಯಲ್ಲಿ 1923ರಲ್ಲಿ ವೈದ್ಯೆಯಾದ ಎವಾ ಲೊಂಬಾರ್ಡ್ ಅವರು ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದಾಗ, ಹೆರಿಗೆಗೆ ಆಸ್ಪತ್ರೆಗೆ ಹೋಗುವದೇ ನಮ್ಮ ಅಜ್ಜಿಯಂದಿರಿಗೆ ಹೊಸ ಸಂಗತಿಯಾಗಿತ್ತು. 1953ರಲ್ಲಿ ಮಣಿಪಾಲದಲ್ಲಿ ವೈದ್ಯ ಕಾಲೇಜು ಆರಂಭವಾಯಿತು. ಕಾಲೇಜಿರುವಲ್ಲಿ ಕಲಿಸುವದೂ ಉಂಟು, ಹೊಸದನ್ನು ಹುಡುಕುವದೂ ಉಂಟು. ಆದದರಿಂದ ವೈದ್ಯ ಸಂಶೋಧನೆ ಅಂದರೇನು, ಅದರಲ್ಲಿ ಸೇರುವ ಗರ್ಭಿಣಿಗೆ ಯಾವ ಹಕ್ಕುಗಳುಂಟು, ಯಾವ ಕರ್ತವ್ಯಗಳುಂಟು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಸಂಶೋಧನೆ ಅಂದರೇನು?

ಬ್ರಹ್ಮಾವರದಲ್ಲಿರುವ ಕೃಷಿ ಸಂಶೋಧನಾ ಕೇಂದ್ರವನ್ನು ನಮ್ಮಲ್ಲಿ ಬಹು ಮಂದಿ ನೋಡಿದ್ದಾರೆ. ಅಲ್ಲಿ ಹೊಸ ಭತ್ತದ ತಳಿಯನ್ನು ರೈತರಿಗೆ ಕೊಡುವದಕ್ಕೆ ಮುಂಚೆ ಹಳೇ ತಳಿಯ ಪಕ್ಕದಲ್ಲಿಯೇ ನೆಟ್ಟು, ಒಂದೇ ನೀರು, ಒಂದೇ ಗೊಬ್ಬರ ಕೊಟ್ಟು, ಕಡೆಗೆ ಎರಡನ್ನೂ ಅಳೆದು ನೋಡುತ್ತಾರೆ. ಯಾವನಾದರೂ ಹೊಸ ತಳಿಯನ್ನು ಬೈಲು ಗದ್ದೆಯಲ್ಲಿಯೂ ಹಳೇ ತಳಿಯನ್ನು ಬೆಟ್ಟು ಗದ್ದೆಯಲ್ಲಿಯೂ ನೆಟ್ಟು, “ನೋಡಿರಿ, ಹೊಸದು ಎಷ್ಟು ಚೆನ್ನಾಗಿ ಬಂತು” ಎಂದು ಹೇಳಿದರೆ ನಾವು ನಗುವೆವಲ್ಲವೇ? ಬೈಲಿನ ನೀರಿನಿಂದ ಬಂದ ಬೆಳೆಯನ್ನು ತಳಿಯ ಗುಣವೆಂದು ಹೇಳಲಾಗದು.

ಮದ್ದಿನ ಪರೀಕ್ಷೆಯೂ ಹಾಗೆಯೇ. ಹೊಸ ಮದ್ದನ್ನು ಗಟ್ಟಿಮುಟ್ಟಾದವರಿಗೂ ಹಳೇದನ್ನು ಬಲಹೀನರಿಗೂ ಕೊಟ್ಟರೆ ನಿಜವು ತಿಳಿಯದು. ಆದದರಿಂದ ಒಪ್ಪಿದವರೊಳಗೆ ಯಾರಿಗೆ ಯಾವ ಮದ್ದು ಎಂಬದನ್ನು ವೈದ್ಯರು ತಮ್ಮ ಮನಸ್ಸಿನಂತೆ ಆರಿಸದೆ, ಚೀಟಿ ಎತ್ತಿದ ಹಾಗೆ ಗೊತ್ತುಮಾಡುತ್ತಾರೆ. ಕೆಲವು ಪರೀಕ್ಷೆಗಳಲ್ಲಿ ಒಂದು ಪಾಲಿನವರಿಗೆ ನೋಡಲಿಕ್ಕೆ ಅದೇ ರೀತಿಯದಾದ ಮದ್ದಿಲ್ಲದ ಮಾತ್ರೆಯನ್ನು ಕೊಡುವರು. ಯಾರಿಗೆ ಯಾವದು ಬಂತೆಂದು ತಾಯಿಗೂ ತಿಳಿಯದು, ಅನೇಕ ಸಾರಿ ಕೊಟ್ಟ ವೈದ್ಯರಿಗೂ ತಿಳಿಯದು.

ದಾನಿಯೇಲನ ಪುಸ್ತಕದ ಮೊದಲನೆಯ ಅಧ್ಯಾಯವನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಆತನೂ ಆತನ ಸಂಗಡಿಗರೂ ಹತ್ತು ದಿನ ಕಾಯಿಪಲ್ಯವನ್ನೂ ನೀರನ್ನೂ ತೆಗೆದುಕೊಂಡ ಮೇಲೆ, ಅರಸನ ಭೋಜನ ಮಾಡಿದ ಯೌವನಸ್ಥರ ಮುಖಗಳ ಪಕ್ಕದಲ್ಲಿ ಅವರ ಮುಖಗಳನ್ನು ಹೋಲಿಸಿ ನೋಡಲಾಯಿತು. ಅಲ್ಲಿ ಇನ್ನೊಂದು ಮಾತನ್ನೂ ಗಮನಿಸಬೇಕು. ಆ ಪರೀಕ್ಷೆಯನ್ನು ದಾನಿಯೇಲನ ಮೇಲೆ ಯಾರೂ ಹೊರಿಸಲಿಲ್ಲ. ಆತನು ತಾನೇ ಬೇಡಿಕೊಂಡನು.

ಒಂದು ಸಂಗತಿಯನ್ನು ಮೊದಲೇ ಬಿಚ್ಚಿ ಹೇಳತಕ್ಕದ್ದು. ಚಿಕಿತ್ಸೆ ಬೇರೆ, ಸಂಶೋಧನೆ ಬೇರೆ. ಚಿಕಿತ್ಸೆಯಲ್ಲಿ ವೈದ್ಯರು ನಿಮ್ಮ ಒಬ್ಬರ ಹಿತಕ್ಕೋಸ್ಕರ ಮದ್ದನ್ನು ಆರಿಸುತ್ತಾರೆ. ಸಂಶೋಧನೆಯಲ್ಲಿಯಾದರೋ ಮುಂದೆ ಬರುವ ತಾಯಂದಿರಿಗೆ ಯಾವದು ಒಳ್ಳೇದೆಂದು ತಿಳುಕೊಳ್ಳುವದೇ ಉದ್ದೇಶ. ಸೇರಿದವಳಿಗೆ ಪ್ರಯೋಜನವಾದರೂ ಆಗಬಹುದು, ಆಗದೆಯೂ ಇರಬಹುದು. “ಇದರಲ್ಲಿ ಸೇರಿದರೆ ನನಗೆ ಎಲ್ಲರಿಗಿಂತ ಒಳ್ಳೇ ಮದ್ದು ಸಿಕ್ಕುವದು” ಎಂದು ನಂಬಿ ರುಜು ಹಾಕುವವಳು ತಿಳಿದು ಒಪ್ಪಿದವಳಲ್ಲ.

2. ಪರೀಕ್ಷಿಸದೆ ಕೊಟ್ಟದ್ದರಿಂದ ಆದ ಕೇಡು

“ಹಾಗಾದರೆ ಗರ್ಭಿಣಿಯರ ಗೊಡವೆಗೇ ಹೋಗದಿರಲಿ” ಎಂದು ಅತ್ತೆಯಂದಿರು ಹೇಳಬಹುದು. ಆದರೆ ಗರ್ಭಿಣಿಯರಿಗೂ ಜ್ವರ ಬರುತ್ತದೆ, ರಕ್ತದೊತ್ತಡ ಏರುತ್ತದೆ, ಮದ್ದು ಬೇಕಾಗುತ್ತದೆ. ಪರೀಕ್ಷೆಯಿಲ್ಲದಿರುವಲ್ಲಿ ಪ್ರತಿಯೊಬ್ಬ ತಾಯಿಯೂ ಲೆಕ್ಕವಿಲ್ಲದ, ಕಾವಲಿಲ್ಲದ ಒಂದು ಪ್ರಯೋಗದೊಳಗೆ ತಿಳಿಯದೆ ಸೇರಿದ ಹಾಗಾಗುವದು.

1957ರಲ್ಲಿ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮದ್ದು ಮಾರಾಟಕ್ಕೆ ಬಂತು. ಗರ್ಭಿಣಿಯರ ವಾಂತಿ ಸಂಕಟಕ್ಕೂ ಅದನ್ನು ಕೊಟ್ಟರು. ಗರ್ಭದಲ್ಲಿರುವ ಕೂಸಿಗೆ ಅದರಿಂದ ಏನಾಗುವದೆಂದು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. 1961ರ ಕಡೆಯಲ್ಲಿ ಅದನ್ನು ಹಿಂತೆಗೆಯುವಷ್ಟರಲ್ಲಿ ಅನೇಕ ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಮೊಟಕಾದ ಕೈಕಾಲುಗಳೊಂದಿಗೆ ಹುಟ್ಟಿದ್ದರು.

ಇನ್ನೊಂದು ಸಂಗತಿಯನ್ನು ಕೇಳಿರಿ. 1940ರ ದಶಕದಿಂದ ಅಮೇರಿಕದಲ್ಲಿ ಗರ್ಭ ಇಳಿಯದಂತೆ ಸ್ಟಿಲ್‌ಬೆಸ್ಟ್ರಾಲ್ ಎಂಬ ಮದ್ದನ್ನು ಬಹು ಮಂದಿ ತಾಯಂದಿರಿಗೆ ಕೊಡುತ್ತಿದ್ದರು. 1953ರಲ್ಲಿ ಚಿಕಾಗೋ ಪಟ್ಟಣದಲ್ಲಿ ಹೋಲಿಸಿ ನೋಡಿದಾಗ ಅದರಿಂದ ಪ್ರಯೋಜನವೇ ಇಲ್ಲವೆಂದು ತಿಳಿದುಬಂತು. ಆದರೂ ರೂಢಿಯನ್ನು ಬಿಡದೆ ವೈದ್ಯರು ಕೊಡುತ್ತಲೇ ಬಂದರು. 1971ರಲ್ಲಿ, ಆ ಮದ್ದನ್ನು ತೆಗೆದುಕೊಂಡ ತಾಯಂದಿರ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಯೌವನದಲ್ಲಿಯೇ ಅಪರೂಪದ ಅರ್ಬುದ ರೋಗ ಬರುವದೆಂದು ಗೊತ್ತಾಯಿತು. ಪರೀಕ್ಷೆ ಮಾಡಿದರೆ ಸಾಲದು, ಅದು ಹೇಳಿದ ಮಾತಿಗೆ ಕಿವಿಗೊಡಲೂ ಬೇಕು ಎಂಬದಕ್ಕೆ ಇದು ದೃಷ್ಟಾಂತವು.

3. ಬೆಳಗಾವಿಯ ಹಳ್ಳಿಗಳ ತಾಯಂದಿರು

ಈಗ ನಮ್ಮ ರಾಜ್ಯದ ಒಂದು ಸಂಗತಿಯನ್ನು ನೋಡೋಣ. ಹೆರಿಗೆಯಾದ ಕೂಡಲೇ ರಕ್ತವು ನಿಲ್ಲದೆ ಹರಿದು ತಾಯಿ ಸಾಯುವದು ಲೋಕದಲ್ಲೆಲ್ಲಾ ಬಾಣಂತಿಯರ ಮರಣಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದನ್ನು ತಡೆಯುವದಕ್ಕೆ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಉಂಟು. ಆದರೆ ಅದನ್ನು ತಣ್ಣಗಿಡಬೇಕು, ಚುಚ್ಚಲು ಬಲ್ಲವರೂ ಬೇಕು. ಹಳ್ಳಿಯ ಮನೆಯಲ್ಲಿ ರಾತ್ರಿ ಹೆರಿಗೆಯಾದರೆ ಏನು ಮಾಡುವದು?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯ ಕಾಲೇಜಿನವರು ಅಮೇರಿಕದ ವೈದ್ಯರೊಂದಿಗೆ ಕೂಡಿ 2002ರಿಂದ 2005ರ ವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಪರೀಕ್ಷಿಸಿದರು. ಇದನ್ನು ಬಾಯಿಂದ ನುಂಗಬಹುದು, ತಣ್ಣಗಿಡುವ ಅಗತ್ಯವೂ ಇಲ್ಲ. ಒಟ್ಟು 1620 ತಾಯಂದಿರು ಒಪ್ಪಿ ಸೇರಿದರು. ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಹೆರಿಗೆ ಮಾಡಿಸಿದವರು ಸಹಾಯಕ ದಾದಿಯರೇ. ಸುಮಾರು ಅರ್ಧ ಪಾಲಿನವರಿಗೆ ಮದ್ದಿನ ಮಾತ್ರೆಯೂ ಉಳಿದವರಿಗೆ ಮದ್ದಿಲ್ಲದ ಮಾತ್ರೆಯೂ ಕೊಡಲ್ಪಟ್ಟವು. ಹರಿದ ರಕ್ತವನ್ನು ಅಳೆದು ನೋಡಿದರು.

ಫಲವೇನು? ಮದ್ದಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಮಿತಿಮೀರಿದ ರಕ್ತಸ್ರಾವವಾಯಿತು. ಮದ್ದು ಪಡೆದವರಲ್ಲಿ ನೂರಕ್ಕೆ 6.4 ಮಾತ್ರ. ಹದಿನೆಂಟು ಮಂದಿ ತಾಯಂದಿರಿಗೆ ಮದ್ದು ಕೊಟ್ಟರೆ ಅವರಲ್ಲಿ ಒಬ್ಬಳ ರಕ್ತಸ್ರಾವ ತಪ್ಪುವದೆಂದು ಲೆಕ್ಕವಾಯಿತು. ಮದ್ದು ಪಡೆದವರಿಗೆ ಸ್ವಲ್ಪ ಹೊತ್ತು ಚಳಿನಡುಕವೂ ಜ್ವರವೂ ಹೆಚ್ಚಾಗಿ ಕಂಡವು. ಅದನ್ನೂ ಮರೆಮಾಡದೆ ಬರೆದರು. 2006ರಲ್ಲಿ ಈ ವರದಿ ಅಚ್ಚಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಾಣಂತಿಯ ರಕ್ತಸ್ರಾವವನ್ನು ತಡೆಯುವದಕ್ಕೆ ಈ ಮಾತ್ರೆಯನ್ನು ಅವಶ್ಯ ಮದ್ದುಗಳ ಪಟ್ಟಿಯಲ್ಲಿ ಸೇರಿಸಿತು.

ಪ್ರಿಯರೇ, ಆ 1620 ತಾಯಂದಿರಲ್ಲಿ ಸುಮಾರು ಅರ್ಧ ಮಂದಿಗೆ ಮದ್ದೇ ಸಿಕ್ಕಲಿಲ್ಲ. ಆದರೂ ಅವರ ಪಾಲು ಕಡಿಮೆಯಾದದ್ದಲ್ಲ. ಅವರು ಇರದಿದ್ದರೆ ಮದ್ದು ಕೆಲಸ ಮಾಡಿತೆಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಅವರು ಎಂದೂ ಕಾಣದ ದೇಶಗಳ ತಾಯಂದಿರು ಅವರಿಗೆ ಋಣಿಗಳಾಗಿದ್ದಾರೆ.

ಬೆಳಗಾವಿಯ ಚೊಚ್ಚಲ ಗರ್ಭಿಣಿಯರು ಇನ್ನೊಂದು ಪರೀಕ್ಷೆಯಲ್ಲಿಯೂ ಸೇರಿದರು. ಆರು ದೇಶಗಳ 11,976 ಮಂದಿ ಅದರಲ್ಲಿ ಪಾಲುಗೊಂಡರು. 2020ರಲ್ಲಿ ಅದರ ಫಲವು ಪ್ರಕಟವಾಯಿತು. ಗರ್ಭದ ಆರಂಭದಿಂದಲೇ ಆಸ್ಪಿರಿನ್ ಮದ್ದನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ದಿನ ತುಂಬದ ಹೆರಿಗೆಯು ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಬೆಂಗಳೂರಿನಲ್ಲಿ 11,000 ಗರ್ಭಿಣಿಯರು ಸೇರಿದ ಸುಣ್ಣದ ಅಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಗಳ ಪರೀಕ್ಷೆಯ ಫಲವು 2024ರಲ್ಲಿ ಹೊರಬಂತು. ದಿನಕ್ಕೆ 1500 ಮಿಲಿಗ್ರಾಮಿಗೆ ಬದಲಾಗಿ 500 ಮಿಲಿಗ್ರಾಮ್ ಕೊಟ್ಟರೂ ಗರ್ಭಿಣಿಯರ ರಕ್ತದೊತ್ತಡದ ರೋಗವನ್ನು ತಡೆಯುವದರಲ್ಲಿ ಕೊರತೆಯಾಗಲಿಲ್ಲವೆಂದು ತಿಳಿದುಬಂತು. ಮೂರು ಮಾತ್ರೆ ನುಂಗುವಲ್ಲಿ ಒಂದೇ ಸಾಕೆಂಬದು ಬಡವರಿಗೆ ಸಣ್ಣ ಲಾಭವಲ್ಲ. ಆದರೆ ಇದನ್ನು ಓದಿ ಯಾವ ಸಹೋದರಿಯೂ ಅಂಗಡಿಯಿಂದ ಮಾತ್ರೆಗಳನ್ನು ತಾನೇ ಕೊಂಡು ನುಂಗಬಾರದು. ಯಾರಿಗೆ ಯಾವದು ಎಷ್ಟು ಎಂಬದನ್ನು ವೈದ್ಯರೇ ಹೇಳತಕ್ಕದ್ದು.

4. ಒಳ್ಳೇದೆಂದು ಎಣಿಸಿದ್ದು ಕೇಡಾದ ಬಗೆ

ಎಲ್ಲಾ ಪರೀಕ್ಷೆಗಳೂ ಸಿಹಿ ಫಲವನ್ನೇ ಕೊಡುವದಿಲ್ಲ. ದಿನ ತುಂಬುವದಕ್ಕೆ ಮುಂಚೆ ಹೆರಿಗೆಯಾಗುವ ತಾಯಂದಿರಿಗೆ ಸ್ಟಿರಾಯ್ಡ್ ಎಂಬ ಚುಚ್ಚುಮದ್ದನ್ನು ಕೊಟ್ಟರೆ ಕೂಸಿನ ಶ್ವಾಸಕೋಶಗಳು ಬಲಿತು ಕೂಸು ಉಳಿಯುವದೆಂದು ಶ್ರೀಮಂತ ದೇಶಗಳಲ್ಲಿ ಮೊದಲೇ ತಿಳಿದಿತ್ತು. ಅದನ್ನು ಹಳ್ಳಿಗಳಲ್ಲಿಯೂ ಕೊಟ್ಟರೆ ಒಳ್ಳೇದಾಗುವದೆಂದು ಎಣಿಸಿ, 2011ರಿಂದ ಬೆಳಗಾವಿ, ನಾಗಪುರಗಳ ಸೀಮೆಗಳೂ ಸೇರಿ ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳ ಲೆಕ್ಕವಿಟ್ಟು ನೋಡಿದರು. ಕಡೆಗೆ ಸಿಕ್ಕಿದ ಉತ್ತರವು ಎಲ್ಲರನ್ನೂ ಬೆರಗುಗೊಳಿಸಿತು. ತೀರ ಸಣ್ಣ ಕೂಸುಗಳ ಮರಣವು ಅದರಿಂದ ಕಡಿಮೆಯಾಗಲಿಲ್ಲ. ಎಲ್ಲಾ ಕೂಸುಗಳ ಲೆಕ್ಕ ತೆಗೆದರೆ, ಮದ್ದು ಹಬ್ಬಿಸಿದ ಸೀಮೆಗಳಲ್ಲಿ ಸಾವಿರಕ್ಕೆ 27.4 ಕೂಸುಗಳು ಹುಟ್ಟಿದ ತಿಂಗಳೊಳಗೆ ಸತ್ತವು. ಹಾಗೆ ಮಾಡದ ಸೀಮೆಗಳಲ್ಲಿ 23.9. ತಾಯಂದಿರಲ್ಲಿ ನಂಜಿನ ಸಂಶಯವೂ ಹೆಚ್ಚಾಗಿ ಕಂಡಿತು.

ಇದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಆದರೂ ಯೋಚಿಸಿರಿ: ಪರೀಕ್ಷೆಯಿಲ್ಲದೆ ಆ ಮದ್ದನ್ನು ಎಲ್ಲಾ ಹಳ್ಳಿಗಳಿಗೂ ಹಂಚಿದ್ದರೆ ಆ ಕೇಡು ಯಾರ ಕಣ್ಣಿಗೂ ಬೀಳದೆ ವರುಷಗಟ್ಟಲೆ ನಡೆಯುತ್ತಿತ್ತು. ವೈದ್ಯರು ಈ ಕಹಿ ಫಲವನ್ನು ಬಚ್ಚಿಡದೆ ಪ್ರಕಟಿಸಿ, ತರುವಾಯ ಇನ್ನೊಂದು ಪ್ರಶ್ನೆಯನ್ನು ಕೇಳಿದರು: ಹಳ್ಳಿಯಲ್ಲಿ ಕೇಡಾದದ್ದು ಸುಸಜ್ಜಿತ ಆಸ್ಪತ್ರೆಯಲ್ಲಿಯೂ ಕೇಡೋ? ಭಾರತವೂ ಸೇರಿ ಐದು ದೇಶಗಳ 29 ಆಸ್ಪತ್ರೆಗಳಲ್ಲಿ 2852 ಮಂದಿ ತಾಯಂದಿರು ಸೇರಿದ ಪರೀಕ್ಷೆಯ ಫಲವು 2020ರಲ್ಲಿ ಬಂತು. ತಿಂಗಳು ಎಣಿಸುವ ಸರಿಯಾದ ಉಪಾಯವೂ ಕೂಸನ್ನು ನೋಡುವ ಅನುಕೂಲವೂ ಇರುವ ಆಸ್ಪತ್ರೆಗಳಲ್ಲಿ ಅದೇ ಬಗೆಯ ಮದ್ದಿನಿಂದ ಕೂಸುಗಳ ಮರಣವು ನೂರಕ್ಕೆ 23.5ರಿಂದ 19.6ಕ್ಕೆ ಇಳಿಯಿತು. ಹೀಗೆ, ಮದ್ದು ಒಳ್ಳೇದೋ ಕೆಟ್ಟದ್ದೋ ಎಂದು ಕೇಳಿದರೆ ಸಾಲದು. ಯಾರಿಗೆ, ಎಲ್ಲಿ, ಯಾವ ಕಾಲದಲ್ಲಿ ಎಂಬದನ್ನೂ ಕೇಳಬೇಕೆಂಬದು ಗೊತ್ತಾಯಿತು.

ಆದದರಿಂದ ಯಾವ ಸಂಶೋಧಕನಾದರೂ, “ಇದರಲ್ಲಿ ಅಪಾಯವೇ ಇಲ್ಲ” ಎಂದು ಹೇಳಿದರೆ ಆತನ ಮಾತನ್ನು ಸಂಶಯದಿಂದಲೇ ಕೇಳಿರಿ. ಅಪಾಯವೇ ಇಲ್ಲವೆಂದು ಮೊದಲೇ ತಿಳಿದಿದ್ದರೆ ಪರೀಕ್ಷಿಸುವ ಅಗತ್ಯವೇನಿತ್ತು?

5. ಒಪ್ಪಿಗೆಯು ಯಾರದು?

2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾ ಜಿಲ್ಲೆಯಲ್ಲಿಯೂ ಗರ್ಭಕೋಶದ ಕೊರಳಿನ ಅರ್ಬುದವನ್ನು ತಡೆಯುವ ಲಸಿಕೆಯನ್ನು ಸಾವಿರಾರು ಬಾಲಕಿಯರಿಗೆ ಹಾಕುವ ಒಂದು ಅಧ್ಯಯನ ನಡೆಯಿತು. ಖಮ್ಮಂನಲ್ಲಿ ಅನೇಕ ಬಾಲಕಿಯರ ಪತ್ರಗಳಿಗೆ ತಂದೆತಾಯಿಗಳ ಬದಲಾಗಿ ವಸತಿ ಶಾಲೆಯ ಮೇಲ್ವಿಚಾರಕರೇ ರುಜು ಹಾಕಿದ್ದರೆಂದು ಬಯಲಾಯಿತು. 2010ರಲ್ಲಿ ಸರಕಾರವು ಅಧ್ಯಯನವನ್ನು ನಿಲ್ಲಿಸಿತು; 2013ರಲ್ಲಿ ಪಾರ್ಲಿಮೆಂಟಿನ ಸಮಿತಿಯು ಅದನ್ನು ಕಠಿಣವಾಗಿ ಖಂಡಿಸಿತು. ಲಸಿಕೆಯಿಂದ ಯಾರಾದರೂ ಸತ್ತರೆಂದು ವಿಚಾರಣೆಯಲ್ಲಿ ಸ್ಥಾಪಿತವಾಗಲಿಲ್ಲ. ಆದರೂ ಒಪ್ಪಿಗೆಯನ್ನು ಪಡೆದ ರೀತಿಯು ತಪ್ಪಾದದ್ದರಿಂದ ಜನರ ನಂಬಿಕೆಯು ಮುರಿದುಹೋಯಿತು. ಒಳ್ಳೇ ಕೆಲಸವನ್ನಾದರೂ ಬೇರೊಬ್ಬರ ರುಜುವಿನಿಂದ ಮಾಡಲಾಗದು.

ನಮ್ಮ ದೇಶದಲ್ಲಿ 2019ರಲ್ಲಿ ಹೊಸ ಮದ್ದುಗಳ ಪರೀಕ್ಷೆಗೆ ನಿಯಮಗಳು ಹೊರಟವು. ಅವುಗಳಲ್ಲಿ ಸಭೆಯವರು ತಿಳಿದಿರಬೇಕಾದ ಕೆಲವನ್ನು ಇಲ್ಲಿ ಹೇಳುತ್ತೇವೆ. ಪರೀಕ್ಷೆಗೆ ಮುಂಚೆ ಏಳು ಮಂದಿಗೆ ಕಡಿಮೆಯಿಲ್ಲದ ನೀತಿ ಸಮಿತಿಯು ಅದನ್ನು ಓದಿ ಒಪ್ಪಬೇಕು. ಅದರಲ್ಲಿ ಹೆಂಗಸೂ, ಕಾಯಿದೆ ಬಲ್ಲವರೂ, ವೈದ್ಯರಲ್ಲದ ಸಾಧಾರಣ ಪ್ರಜೆಯೂ ಇರಬೇಕು. ಅರ್ಧ ಮಂದಿಯಾದರೂ ಆ ಆಸ್ಪತ್ರೆಗೆ ಸೇರದವರಾಗಿರಬೇಕು. ವಿವರದ ಪತ್ರವು ಸೇರುವವಳಿಗೆ ತಿಳಿಯುವ ಭಾಷೆಯಲ್ಲಿರಬೇಕು. ಆ ಪತ್ರದ ಮತ್ತು ರುಜು ಹಾಕಿದ ಒಪ್ಪಿಗೆಯ ಪ್ರತಿಯನ್ನು ಅವಳಿಗೆ ಕೊಡಬೇಕು. ಅವಳು ಓದಲಾರದವಳಾದರೆ, ಪರೀಕ್ಷೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯು ಎಲ್ಲವನ್ನೂ ಓದಿ ಹೇಳುವಾಗ ಸಂಗಡ ಇರಬೇಕು. ಪರೀಕ್ಷೆಯಿಂದ ಕೇಡಾದರೆ ಚಿಕಿತ್ಸೆಯು ಉಚಿತ, ಪರಿಹಾರವೂ ಉಂಟು. ತಾಯಿ ಅಥವಾ ತಂದೆ ಸೇರಿದ್ದರಿಂದ ಗರ್ಭದಲ್ಲಿರುವ ಕೂಸಿಗೆ ಆದ ಕೇಡೂ ಈ ನಿಯಮದೊಳಗೆ ಬರುತ್ತದೆ. ಇದಲ್ಲದೆ 2009ನೇ ಜೂನಿನಿಂದ ಇಂಥ ಪರೀಕ್ಷೆಗಳನ್ನು ಆರಂಭಕ್ಕೆ ಮುಂಚೆಯೇ ದೇಶದ ಸಾರ್ವಜನಿಕ ದಾಖಲೆಯಲ್ಲಿ ಬರೆಯಿಸಬೇಕೆಂಬ ಕಟ್ಟಳೆಯುಂಟು.

ಹೀಗಿರುವಲ್ಲಿ, ಗಂಡನು ಹೆಂಡತಿಗೆ ಬದಲಾಗಿ ಒಪ್ಪಲಾರನು. ಅತ್ತೆಯು ಸೊಸೆಗೆ ಬದಲಾಗಿ ಬೇಡವೆನ್ನಲಾರಳು. ಸಭೆಯ ಹಿರಿಯರೂ ಆಶಾ ಕಾರ್ಯಕರ್ತೆಯೂ ಬುದ್ಧಿ ಹೇಳಬಹುದೇ ಹೊರತು ರುಜು ಹಾಕಿಸಬಾರದು. ಮನೆಯವರೊಂದಿಗೆ ಮಾತಾಡಿ ತೀರ್ಮಾನಿಸುವದು ಒಳ್ಳೇದೇ, ಅದಕ್ಕೆ ಸಮಯ ಕೇಳುವ ಹಕ್ಕೂ ಉಂಟು. ಆದರೆ ಕಡೆಯ ಮಾತು ಅವಳದು.

6. ಮಕ್ಕಳಿಲ್ಲದವರಿಗೆ ಒಂದು ಮಾತು

ಮಕ್ಕಳಿಲ್ಲದ ದಂಪತಿಗಳ ದುಃಖವು ದೊಡ್ಡದು. ಊರವರ ನಾಲಿಗೆಯು ಅದನ್ನು ಇಮ್ಮಡಿಸುತ್ತದೆ. ಹನ್ನಳು ಸವತಿಯ ಮಾತಿನಿಂದ ಊಟ ಬಿಟ್ಟು ಅತ್ತದ್ದನ್ನು ನಾವು ಓದಿದ್ದೇವೆ. ಇಂಥ ದುಃಖದಲ್ಲಿರುವವರು ಯಾರು ಏನು ಹೇಳಿದರೂ ನಂಬಲು ಸಿದ್ಧರಾಗಿರುತ್ತಾರೆ. ಆದದರಿಂದ ಎರಡು ಸಂಗತಿಗಳನ್ನು ನೆನಪಿಡಿರಿ. ಕಾರಣವು ಹೆಂಗಸಿನಲ್ಲಿದ್ದಂತೆಯೇ ಗಂಡಸಿನಲ್ಲಿಯೂ ಇರಬಹುದು. ಆದಕಾರಣ ಗಂಡನೂ ಪರೀಕ್ಷಿಸಿಕೊಳ್ಳಲಿ, ಅವನ ಶರೀರದಿಂದ ಏನನ್ನಾದರೂ ಸಂಶೋಧನೆಗೆ ತೆಗೆಯುವದಾದರೆ ಅವನ ಒಪ್ಪಿಗೆಯೂ ಬೇಕು. ಎರಡನೆಯದು, ಯಾರಾದರೂ, “ಇದು ಹೊಸ ಸಂಶೋಧನೆ, ಖಂಡಿತವಾಗಿ ಮಗುವಾಗುವದು, ಇಷ್ಟು ಲಕ್ಷ ಕೊಡಿರಿ” ಎಂದರೆ ಗದ್ದೆಯನ್ನು ಅಡವಿಡುವದಕ್ಕೆ ಮುಂಚೆ ನಿಲ್ಲಿರಿ. ನಿಜವಾದ ಸಂಶೋಧನೆಯವರು ಪರೀಕ್ಷೆಯ ಖರ್ಚನ್ನು ಸೇರಿದವರಿಂದ ವಸೂಲು ಮಾಡಬಾರದು. “ಖಂಡಿತ” ಎಂಬ ಮಾತನ್ನೂ ಅವರು ಆಡರು.

7. ಸೇರುವವಳ ಕರ್ತವ್ಯವು

ಹಕ್ಕುಗಳನ್ನು ಹೇಳಿದ ಮೇಲೆ ಕರ್ತವ್ಯವನ್ನೂ ಹೇಳಬೇಕು. ಒಪ್ಪಿದವಳು ನಿಜವನ್ನೇ ಹೇಳತಕ್ಕದ್ದು. ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆಂದು ಹಿತ್ತಲಿಗೆ ಎಸೆದು, ದಾದಿಯು ಕೇಳಿದಾಗ, “ಎಲ್ಲಾ ನುಂಗಿದೆನಮ್ಮಾ” ಎಂದರೆ ಅದು ಸಣ್ಣ ಸುಳ್ಳಾಗಿ ಕಾಣಬಹುದು. ಆದರೆ ಇಂಥ ನೂರು ಸುಳ್ಳುಗಳು ಕೂಡಿದರೆ ಒಳ್ಳೇ ಮದ್ದು ಕೆಲಸಕ್ಕೆ ಬಾರದ್ದೆಂದು ಬರೆಯಲ್ಪಡುವದು, ಇಲ್ಲವೇ ಕೇಡಿನ ಮದ್ದು ನಿರಪಾಯವೆಂದು ಕಾಣುವದು. ಅದರ ಫಲವನ್ನು ಇನ್ನೊಬ್ಬ ತಾಯಿಯು ಉಣ್ಣುವಳು. ನುಂಗಲಾಗದಿದ್ದರೆ ಆಗಲಿಲ್ಲವೆಂದು ಹೇಳಿರಿ. ಬೇರೆ ಕಡೆ ಕಷಾಯವನ್ನೋ ಮದ್ದನ್ನೋ ತೆಗೆದುಕೊಂಡಿದ್ದರೆ ಅದನ್ನೂ ಹೇಳಿರಿ. ಮುಂದುವರಿಯಲು ಮನಸ್ಸಿಲ್ಲದಿದ್ದರೆ ಬಿಟ್ಟುಬಿಡುತ್ತೇನೆಂದು ನೇರವಾಗಿ ಹೇಳಿ ಬಿಡಿರಿ, ಅದಕ್ಕೆ ದಂಡವಿಲ್ಲ.

8. ರುಜು ಹಾಕುವದಕ್ಕೆ ಮುಂಚೆ ಕೇಳತಕ್ಕ ಪ್ರಶ್ನೆಗಳು

ತಾಯಂದಿರು ಇವನ್ನು ಬರಕೊಂಡು ಆಸ್ಪತ್ರೆಗೆ ಒಯ್ಯಲಿ. ಓದಲು ತಿಳಿಯದವರಿಗೆ ಮಕ್ಕಳು ಓದಿ ಹೇಳಲಿ.

ಒಂದು: ಇದು ನನ್ನ ಚಿಕಿತ್ಸೆಯೋ, ಸಂಶೋಧನೆಯೋ?
ಎರಡು: ನಾನು ಸೇರದಿದ್ದರೆ ನನಗೆ ಯಾವ ಮದ್ದು ಕೊಡುವಿರಿ?
ಮೂರು: ನನಗೂ ಕೂಸಿಗೂ ಯಾವ ಯಾವ ಕೇಡು ಆಗಬಹುದು?
ನಾಲ್ಕು: ಮದ್ದಿಲ್ಲದ ಮಾತ್ರೆಯು ನನ್ನ ಪಾಲಿಗೆ ಬರಬಹುದೋ?
ಐದು: ಎಷ್ಟು ಸಾರಿ ಬರಬೇಕು, ಎಷ್ಟು ರಕ್ತ ತೆಗೆಯುವಿರಿ, ಬಸ್ಸಿನ ಖರ್ಚು ಯಾರದು?
ಆರು: ನೀತಿ ಸಮಿತಿಯು ಇದನ್ನು ಒಪ್ಪಿದೆಯೋ?
ಏಳು: ರಾತ್ರಿಯಲ್ಲಿ ಏನಾದರೂ ಆದರೆ ಯಾರಿಗೆ ಫೋನು ಮಾಡಬೇಕು?
ಎಂಟು: ನಡುವೆ ಬಿಟ್ಟರೆ ನನ್ನ ಹೆರಿಗೆಯನ್ನು ಮೊದಲಿನ ಹಾಗೆಯೇ ನೋಡುವಿರೋ?

ಈ ಎಂಟಕ್ಕೂ ಸಮಾಧಾನವಾಗಿ ಉತ್ತರ ಕೊಡುವವರು ನಂಬಿಕೆಗೆ ಯೋಗ್ಯರು. “ನಿಮಗೆ ಇದೆಲ್ಲಾ ಯಾಕೆ? ಇಲ್ಲಿ ಹೆಬ್ಬೆಟ್ಟು ಒತ್ತಿರಿ” ಎನ್ನುವವರ ಬಳಿಯಿಂದ ಎದ್ದು ಬರುವದೇ ಲೇಸು.

ಈಗ ನಾವು ಮೊದಲು ಹೇಳಿದ ಮನೆಗೆ ತಿರುಗಿ ಹೋಗೋಣ. ಅತ್ತೆಯ ಭಯವು ಪೂರಾ ಸುಳ್ಳಲ್ಲ. ಖಮ್ಮಂನ ಸಂಗತಿಯನ್ನು ಕೇಳಿದವರು ಅವಳನ್ನು ಹಾಸ್ಯಮಾಡಲಾರರು. ಗಂಡನ ಭಯಕ್ಕೂ ಉತ್ತರವುಂಟು: ಬೇಡವೆಂದವಳ ಆರೈಕೆಯನ್ನು ಕಡಿಮೆಮಾಡಲು ಯಾವ ವೈದ್ಯನಿಗೂ ಅಧಿಕಾರವಿಲ್ಲ. ಅತ್ತೆಯು ಸಂಗಡ ಹೋಗಲಿ, ಗಂಡನು ಹಾಳೆಗಳನ್ನು ಗಟ್ಟಿಯಾಗಿ ಓದಲಿ, ಆ ಎಂಟು ಪ್ರಶ್ನೆಗಳನ್ನು ಆಕೆಯೇ ಕೇಳಲಿ. ಅನಂತರ ಆಕೆಯು ಹೂಂ ಎಂದರೂ ಉಹುಂ ಎಂದರೂ ಆ ಮನೆಯವರು ಆಕೆಯನ್ನು ದೂರದಿರಲಿ. ಹೂಂ ಎಂದವಳು ಬೆಳಗಾವಿಯ ಆ ತಾಯಂದಿರ ಸಾಲಿನಲ್ಲಿ ನಿಲ್ಲುವಳು. ಉಹುಂ ಎಂದವಳೂ ತನ್ನ ಕೂಸಿನ ಕಾವಲುಗಾರಳಾಗಿಯೇ ಹಾಗೆ ಹೇಳಿದಳು.

ಸ್ತ್ರೀಯರ ಕೂಟದಲ್ಲಿ ಮಾತಾಡತಕ್ಕ ಪ್ರಶ್ನೆಗಳು:

1. ಬೈಲು ಗದ್ದೆ, ಬೆಟ್ಟು ಗದ್ದೆಗಳ ದೃಷ್ಟಾಂತದಿಂದ ಮದ್ದಿನ ಪರೀಕ್ಷೆಯನ್ನು ಕುರಿತು ಏನು ಕಲಿತೆವು?
2. ಮದ್ದಿಲ್ಲದ ಮಾತ್ರೆ ಪಡೆದ ತಾಯಂದಿರ ಪಾಲು ಯಾಕೆ ವ್ಯರ್ಥವಾಗಲಿಲ್ಲ?
3. ಒಂದೇ ಬಗೆಯ ಮದ್ದು ಹಳ್ಳಿಯಲ್ಲಿ ಕೇಡಾಗಿಯೂ ಆಸ್ಪತ್ರೆಯಲ್ಲಿ ಮೇಲಾಗಿಯೂ ಕಂಡದ್ದು ಹೇಗೆ?
4. ನಮ್ಮ ಮನೆಯಲ್ಲಿ ಗರ್ಭಿಣಿಯ ಮಾತನ್ನು ಕೇಳಿದ ಮೇಲೆ ತೀರ್ಮಾನಿಸುತ್ತೇವೋ, ತೀರ್ಮಾನಿಸಿದ ಮೇಲೆ ಅವಳಿಗೆ ತಿಳಿಸುತ್ತೇವೋ?